‘ಅಡ್ಡಿ ಇಲ್ಲ’ ಅಂದವರಿಗೆ ಏನು ಕಲಿಸುವುದು

ಯಾರಿಗೆ ಏನು ಬರುವುದಿಲ್ಲ ಎಂದು ಪತ್ತೆ ಹಚ್ಚುವುದು ನನ್ನ ಹೊಟ್ಟೆಪಾಡು. ಹೀಗೆಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಸ್ವಲ್ಪ ದೂರ ಸರಿದು ಕೂರುತ್ತಾರೆ. ಹನಿ ನೀರಾವರಿಯ ಸಾಮಾನು ಮಾರಿ, ಹೊಲದಲ್ಲಿ ಜೋಡಿಸಿ, ಕೆಟ್ಟರೆ ರಿಪೇರಿ ಮಾಡಿಕೊಡುವ ಒಂದು ಕಂಪನಿಯಲ್ಲಿ ನಾನು ತರಬೇತಿ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಎಂದರೆ ನಾನೊಬ್ಬಳೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಶಾಖೆಗಳು ನನ್ನ ಪಾಲಿನವು. ಯಾವ ಶಾಖೆಯಲ್ಲಿ ಯಾರಿಗೆ ಯಾವ ಕೆಲಸ ಕೈಗೆ ಹತ್ತಿಲ್ಲ, ಅವರಿಗೆ ಏನು ಕಲಿಸಬೇಕು ಎಂದು ವರ್ಷಕ್ಕೊಮ್ಮೆ ಬೆಂಗಳೂರಿನ ಮುಖ್ಯ ಕಚೇರಿಗೆ ಬರೆದು ಕಳಿಸಬೇಕು. ಅವರು ಅದನ್ನು ಓದುತ್ತಾರೆ, ಓದಿ ತಾವು ಮೊದಲೇ ಗೊತ್ತು ಮಾಡಿಟ್ಟ ತರಬೇತಿಯನ್ನೇ ಕಳಿಸುತ್ತಾರೆ.

ಒಂದು ವರ್ಷ ನಮ್ಮ ಫಿಟರ್‌ಗಳಿಗೆ ಪೈಪು ಜೋಡಿಸುವ ಹೊಸ ಯಂತ್ರ ಕಲಿಸಿ ಎಂದು ಬರೆದಿದ್ದೆ. ಮಂಜೂರಾಗಿ ಬಂದದ್ದು ‘ಒತ್ತಡ ನಿರ್ವಹಣೆ’ಯ ತರಬೇತಿ. ಪೈಪಿನಲ್ಲಿ ನೀರಿನ ಒತ್ತಡದ ವಿಷಯ ಇರಬೇಕು ಎಂದುಕೊಂಡು ಫಿಟರ್‌ಗಳೆಲ್ಲ ಹುರುಪಿನಿಂದ ಬಂದು ಕೂತರು. ಬಂದ ಗುರುಗಳು ಕಣ್ಣು ಮುಚ್ಚಿ ನಿಧಾನವಾಗಿ ಉಸಿರು ಬಿಡಲು ಹೇಳಿದರು. ಅರ್ಧ ಜನ ನಿದ್ದೆ ಹೋದರು. ತರಬೇತಿ ಬಹಳ ಯಶಸ್ವಿಯಾಯಿತೆಂದು ಮುಖ್ಯ ಕಚೇರಿಯವರು ಫೋಟೋ ಸಮೇತ ವರದಿಯಲ್ಲಿ ಹಾಕಿಕೊಂಡರು. ಅವತ್ತಿನಿಂದ ನನಗೆ ಈ ಕೆಲಸದ ಮೇಲೆ ಒಂದು ಹಟ ಹುಟ್ಟಿದೆ, ಅದು ಇನ್ನೂ ಇಳಿದಿಲ್ಲ.

ಹೋದ ವರ್ಷ ಮುಖ್ಯ ಕಚೇರಿಯಿಂದ ಒಬ್ಬ ಅಧಿಕಾರಿಯನ್ನೇ ಕಳಿಸಿದರು. ನಾಲ್ಕೂ ಶಾಖೆ ತಿರುಗಿ, ಯಾರಿಗೆ ಏನು ಕಲಿಸಬೇಕೆಂದು ಅವರೇ ನೇರವಾಗಿ ಕೇಳಿ ತೀರ್ಮಾನಿಸುತ್ತಾರೆ, ನಾನು ಜೊತೆಗಿದ್ದು ಸಹಿ ಹಾಕಬೇಕು ಎಂದು ಆದೇಶ. ಮನುಷ್ಯ ಕೆಟ್ಟವರಲ್ಲ. ಮೆತ್ತಗೆ ಮಾತಾಡುತ್ತಿದ್ದರು, ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದರು. ಮೊದಲ ದಿನ ಬಾಗೇವಾಡಿ ಶಾಖೆಯಲ್ಲಿ ನನ್ನ ಹೆಸರು ಕೇಳಿ, ಸ್ವಲ್ಪ ಹೊತ್ತು ಯೋಚಿಸಿ, “ಕನ್ನಡದಲ್ಲಿ ವರದಿ ಬರೆಯೋದು ನಿಮಗೆ ಕಷ್ಟ ಆದ್ರೆ ಇಂಗ್ಲಿಷಲ್ಲೇ ಬರೀಬಹುದು ಮೇಡಂ, ಸಂಕೋಚ ಬೇಡ” ಅಂದರು. ದಯೆಯಿಂದಲೇ ಅಂದರು. ನಮ್ಮದು ಬಾಗೇವಾಡಿಯ ಹಳೇ ಮುಸ್ಲಿಂ ಮನೆತನ. ಎಷ್ಟು ತಲೆಮಾರಿನಿಂದ ಇಲ್ಲಿದ್ದೇವೆ ಎಂದು ನಮ್ಮ ಮನೆಯಲ್ಲಿ ಯಾರೂ ಎಣಿಸಿಲ್ಲ, ಎಣಿಸುವ ಪ್ರಮೇಯವೂ ಬಂದಿರಲಿಲ್ಲ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಕನ್ನಡ, ಜಗಳ ಬಂದರಂತೂ ಖಾಸಾ ಕನ್ನಡ.

“ಕಷ್ಟ ಆದ್ರ ಹೇಳ್ತೇನ್ರಿ ಸರ್,” ಅಂದೆ. ಅವರು ಸಮಾಧಾನದಿಂದ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು, ಆದರೆ ತಿರುಗಾಟ ಇನ್ನೂ ಶುರುವಾಗಿರಲಿಲ್ಲ, ನುಂಗಿಕೊಂಡೆ.

ಇಂಡಿಯಲ್ಲಿ ಅವರು ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಕೂರಿಸಿಕೊಂಡರು. ಕೈಯಲ್ಲಿ ಒಂದು ಟ್ಯಾಬ್. “ನಿಮ್ಮ ಕೆಲಸದಲ್ಲಿ ಏನಾದರೂ ತೊಂದರೆ ಇದೆಯಾ? ಏನಾದರೂ ಕಲೀಬೇಕು ಅನ್ಸುತ್ತಾ?” ಎಂದು ಕೇಳಿದರು. ಗೋದಾಮು ನೋಡಿಕೊಳ್ಳುವವ, “ಅಡ್ಡಿ ಇಲ್ರಿ,” ಅಂದ. ಫಿಟರ್, “ಅಡ್ಡಿ ಇಲ್ರಿ ಸಾಹೇಬ್ರ,” ಅಂದ. ಬಿಲ್ಲು ಮಾಡುವಾಕೆ ನೆಲ ನೋಡುತ್ತ, “ಅಡ್ಡಿ ಇಲ್ರಿ,” ಅಂದಳು. ಸಿಂದಗಿಯಲ್ಲೂ ಅದೇ. ಅಧಿಕಾರಿಗೆ ಖುಷಿಯೋ ಖುಷಿ. ಯಾವ ಅಡ್ಡಿಯೂ ಇಲ್ಲ, ಅಂದರೆ ಕೆಲಸ ಎಲ್ಲರಿಗೂ ಬರುತ್ತದೆ ಎಂದು ಟ್ಯಾಬಿನಲ್ಲಿ ಬೆರಳಾಡಿಸಿಕೊಂಡು ಹೋದರು.

ನಮ್ಮ ಕಡೆಯ ಈ ಎರಡು ಶಬ್ದ ಹೊರಗಿನವರಿಗೆ ಹೇಗೆ ತಿಳಿಸುವುದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮಗಳನ್ನು ಕೊಟ್ಟ ಮನೆ ಹೇಗಿದೆ ಎಂದರೆ, ಬಹಳ ಚೆನ್ನಾಗಿದ್ದರೂ ನಾವು ಅಡ್ಡಿ ಇಲ್ಲ ಅನ್ನುತ್ತೇವೆ. ಇನ್ನೊಂದು ರೊಟ್ಟಿ ಹಾಕಲೇನು ಎಂದರೆ ಅಡ್ಡಿ ಇಲ್ಲ, ಅಂದರೆ ಹಾಕು. ಮೂರು ದಿನದ ಜ್ವರ ಹೇಗಿದೆ ಎಂದರೆ ಅಡ್ಡಿ ಇಲ್ಲ, ಅಂದರೆ ಇನ್ನೂ ಎದ್ದು ಕೂರಲು ಆಗುತ್ತಿಲ್ಲ. ನಾನು ಮಾಡಿದ ಪಲ್ಯ ಬಾಯಿಗಿಟ್ಟು ನಮ್ಮಮ್ಮ ‘ಅಡ್ಡಿ…ಇಲ್ಲ’ ಎಂದು ಎಳೆದು ಹೇಳಿದರೆ ಆ ಪಲ್ಯ ಎಮ್ಮೆಗೆ ಹೋಗುತ್ತದೆ. ಅರ್ಥ ಶಬ್ದದಲ್ಲಿಲ್ಲ, ಹೇಳುವವರ ಕಣ್ಣು ಎಲ್ಲಿದೆ ಎಂಬುದರಲ್ಲಿದೆ. ಇಂಡಿಯ ಬಿಲ್ಲಿನ ಹುಡುಗಿ ನೆಲ ನೋಡಿ ಅಂದದ್ದಕ್ಕೆ ‘ನನಗ ಈ ಹೊಸ ಕಂಪ್ಯೂಟರ್ ತಿಳಿವಲ್ದು, ಆದ್ರ ಹೇಳಾಕ ಅಂಜಿಕಿ’ ಎಂದರ್ಥ. ಜೀಪಿನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಅಧಿಕಾರಿ ನಕ್ಕು, “ಇಂಟರೆಸ್ಟಿಂಗ್,” ಅಂದರು. ಟ್ಯಾಬಿನಲ್ಲಿ ಏನೂ ಬದಲಾಗಲಿಲ್ಲ.

ಅವರು ನಿಜವಾಗಿ ಬಂದದ್ದು ಮುದ್ದೇಬಿಹಾಳಕ್ಕಾಗಿ. ಅಲ್ಲಿಂದ ದೂರುಗಳು ಹೋಗಿದ್ದವು. ಆ ಶಾಖೆಯಲ್ಲಿ ರೈತರ ಫೋನು ಎತ್ತುವವರು ನನಗಿಂತ ಹಿರಿಯರಾದ ಒಬ್ಬ ಹೆಣ್ಣುಮಗಳು. ತಾಳಿಕೋಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ನಾನು ಅವರನ್ನು ಅಕ್ಕಾರು ಎಂದು ಕರೆಯುತ್ತೇನೆ. ಫೋನು ಎತ್ತಿದ ಕೂಡಲೇ “ಹಾಂ, ಹೇಳ್ರಿ,” ಅನ್ನುತ್ತಾರೆ. ರೈತ ತನ್ನ ಗೋಳು ಹೇಳುತ್ತಾನೆ, ಅವರು ಫಿಟರನ್ನು ಕಳಿಸುತ್ತಾರೆ. ರೈತನೊಬ್ಬ ಮುಖ್ಯ ಕಚೇರಿಗೆ ಫೋನು ಮಾಡಿ, “ಆಕಿ ಸರಿಯಾಗಿ ಹೇಳೂದಿಲ್ರಿ,” ಅಂದಿದ್ದನಂತೆ. ಅದೇ ಮಾತನ್ನು ಮತ್ತಿಬ್ಬರೂ ಅಂದಿದ್ದರು. ಬೆಂಗಳೂರಿನಲ್ಲಿ ಕೇಳಿಸಿಕೊಂಡವರು ಇದನ್ನು ‘ಸಿಬ್ಬಂದಿಯ ಮಾತು ಒರಟು’ ಎಂದು ಬರೆದುಕೊಂಡರು. ಹಾಗಾಗಿ ಈಕೆಗೆ ಬೇಕಾದದ್ದು ಮಾತಿನ ತರಬೇತಿ ಎಂದು, ಅಧಿಕಾರಿ ಜೀಪು ಹತ್ತುವ ಮೊದಲೇ ತೀರ್ಮಾನವಾಗಿತ್ತು.

ಅಧಿಕಾರಿ ಅಕ್ಕಾರನ್ನೂ ಕೂರಿಸಿ ಕೇಳಿದರು. ಅಕ್ಕಾರು ಸೆರಗು ಸರಿಮಾಡಿಕೊಂಡು, ಗೋಡೆಯ ಕಡೆ ನೋಡುತ್ತ, “ಅಡ್ಡಿ ಇಲ್ರಿ,” ಅಂದರು.

ಆಮೇಲೆ ಅಧಿಕಾರಿ ಒಂದು ಹಾಳೆ ಕೊಟ್ಟು, ಅದರಲ್ಲಿರುವಂತೆಯೇ ಫೋನಿನಲ್ಲಿ ಮಾತಾಡಬೇಕು, ಮಧ್ಯಾಹ್ನದವರೆಗೆ ಪರೀಕ್ಷೆ ಮಾಡೋಣ ಅಂದರು. ಮೊದಲ ಫೋನು ಬಂತು. ಅಕ್ಕಾರು ಹಾಳೆ ಹಿಡಿದು, “ನಮಸ್ಕಾರ, ತಮ್ಮ ಕರೆಯನ್ನು ನಾವು ಗೌರವಿಸುತ್ತೇವೆ, ತಮಗೆ ಯಾವ ರೀತಿ ಸಹಾಯ ಮಾಡಬಹುದು?” ಎಂದು ಓದಿದರು. ಆ ಕಡೆಯವ ಸಾಲ ಕೊಡುವ ಕಂಪನಿಯ ರೆಕಾರ್ಡು ಎಂದುಕೊಂಡು ಕಟ್ ಮಾಡಿದ. ಮತ್ತೆ ಮಾಡಿದ, ಮತ್ತೆ ಅದೇ ಕೇಳಿ ಮತ್ತೆ ಕಟ್ ಮಾಡಿದ. ಮೂರನೆಯ ಫೋನು ಒಬ್ಬ ವಯಸ್ಸಾದ ರೈತನದು. ಅವ ಪೂರ್ತಿ ಕೇಳಿಸಿಕೊಂಡು, “ನೀವು ಹೊಸಬರೇನ್ರಿ? ಅಲ್ಲೊಬ್ಬಾಕಿ ಇದ್ಲಲ್ರಿ, ಆಕಿಗೆ ಏನಾತು? ಆರಾಮ ಅದಾಳಿಲ್ಲೋ?” ಎಂದು ಕೇಳಿದ. ಸ್ಪೀಕರ್ ಹಚ್ಚಿದ್ದರಿಂದ ಎಲ್ಲರಿಗೂ ಕೇಳಿಸಿತು. ಅಕ್ಕಾರು ಹಾಳೆ ಕೆಳಗಿಟ್ಟು, “ನಾನಾ ರೀ ಕಾಕಾ, ಜೀವಂತ ಅದೇನಿ, ಹೇಳ್ರಿ,” ಅಂದರು. ನಾನು ನಗು ತಡೆಯಲಾರದೆ ಹೊರಗೆ ಹೋದೆ.

ಅಧಿಕಾರಿ ನಗಲಿಲ್ಲ. ಅಭ್ಯಾಸ ಇಲ್ಲದ್ದರಿಂದ ಹೀಗಾಯಿತು, ಈ ವಯಸ್ಸಿನಲ್ಲಿ ಬದಲಾಗುವುದೂ ಕಷ್ಟ ಎಂದು ಸಂಜೆ ನನಗೆ ಹೇಳಿದರು. ಮುದ್ದೇಬಿಹಾಳದ ಫೋನು ಬೆಂಗಳೂರಿಗೇ ಹೋಗಲಿ, ಅಕ್ಕಾರಿಗೆ ಇಂಡಿಯ ಗೋದಾಮಿನಲ್ಲಿ ಕೆಲಸ ಕೊಡೋಣ ಎಂಬುದು ಅವರ ಸಲಹೆ. ಕೇಳಲು ಚೆನ್ನಾಗಿದೆ. ತಾಳಿಕೋಟೆಯಿಂದ ದಿನಾ ಇಂಡಿಗೆ ಹೋಗಿ ಬರಲು ಯಾರಿಂದಲೂ ಸಾಧ್ಯವಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಇಂಡಿಯಲ್ಲಿ ಮನೆ ಮಾಡುವ ಹಾಗೂ ಇಲ್ಲ. ಕೆಲಸದಿಂದ ತೆಗೆದೆವು ಅನ್ನದೆ ಕೆಲಸ ತೆಗೆಯುವ ಉಪಾಯ ಅದು. ಎರಡು ದಿನ ಬಿಟ್ಟು ಬಾಗೇವಾಡಿಯಲ್ಲಿ ಎಲ್ಲ ಶಾಖೆಗಳ ಸಭೆ. ಅಲ್ಲಿ ನಾನು ಸಹಿ ಹಾಕಬೇಕು.

ನಾನು ಜೀಪು ಹತ್ತಲಿಲ್ಲ. ಸಂತಿಯಲ್ಲಿ ಸ್ವಲ್ಪ ಕೆಲಸವಿದೆ ಎಂದು ಸುಳ್ಳು ಹೇಳಿ, ಅಕ್ಕಾರ ಜೊತೆ ಮುದ್ದೇಬಿಹಾಳ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ತಾಳಿಕೋಟೆ ಬಸ್ಸು ಇನ್ನೂ ಬಂದಿರಲಿಲ್ಲ. ಚಹಾ ತರಿಸಿದೆ. ಏನು ಬರುವುದಿಲ್ಲ ಎಂದು ಕೇಳಲಿಲ್ಲ. ಅದನ್ನು ಕೇಳಿದರೆ ನಮ್ಮವರು ಯಾರೂ ಬಾಯಿ ಬಿಡುವುದಿಲ್ಲ.

“ಅಕ್ಕಾರ, ಫೋನ್ ಬಂದಾಗ ಯಾವ ಮಾತು ಕೇಳಿದ್ರ ಎದಿ ಧಸಕ್ ಅಂತೈತ್ರಿ?” ಅಂದೆ.

ಅವರು ಸ್ವಲ್ಪ ಹೊತ್ತು ಚಹಾ ಆರಿಸಿದರು. “ಹನಿ ಬೀಳವಲ್ದು ಅಂತಾರಲ್ಲ, ಆ ಮಾತು ನೋಡ್ರಿ.”

“ಯಾಕ್ರಿ?”

“ಎರಡು ಕಾರಣಕ್ಕ ಬೀಳೂದಿಲ್ಲಂತ್ರಿ. ಫಿಲ್ಟರಿನ್ಯಾಗ ಕಸ ಕಟ್ಟಿದ್ರೂ ಬೀಳೂದಿಲ್ಲ, ಪೈಪಿನ ತೂತಿನ್ಯಾಗ ಉಪ್ಪ ಕಟ್ಟಿದ್ರೂ ಬೀಳೂದಿಲ್ಲ. ಯಾವ್ದು ಅಂತ ಫೋನಿನ್ಯಾಗ ನನಗ ಹ್ಯಾಂಗ ತಿಳೀಬೇಕು? ಅಂದಾಜಲೆ ಹೇಳಿಬಿಡ್ತೇನ್ರಿ. ಫಿಟರ್ ಫಿಲ್ಟರಿನ ಜಾಳಗಿ ತಗೊಂಡು ಹೊಕ್ಕಾನ, ಅಲ್ಲಿ ಉಪ್ಪ ಕರಗಿಸೂ ಆಸಿಡ್ ಬೇಕಾಗಿರ್ತೈತಿ. ಬರಿಗೈಲೆ ತಿರುಗಿ ಬರ್ತಾನ. ಬೆಳಿ ಒಂದಿನ ಒಣಗತೈತಿ. ರೈತ ಬೈಯೂದು ನ್ಯಾಯಾನ ಐತ್ರಿ.”

‘ಸರಿಯಾಗಿ ಹೇಳೂದಿಲ್ಲ’ ಎಂಬ ದೂರಿನ ಅರ್ಥ ಇದು. ರೈತರು ಮಾತಿನ ಧಾಟಿಯನ್ನು ದೂರಿರಲೇ ಇಲ್ಲ. ಸರಿಯಾದ ಉತ್ತರ ಸಿಗುವುದಿಲ್ಲ ಅಂದಿದ್ದರು. ಫಿಲ್ಟರಿನ ಹಿಂದೊಂದು ಮುಂದೊಂದು ಒತ್ತಡದ ಮೀಟರ್ ಇರುತ್ತದೆ. ಎರಡರ ಮುಳ್ಳೂ ಎಲ್ಲೆಲ್ಲಿವೆ ಎಂದು ರೈತನನ್ನು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ: ಎರಡರ ನಡುವೆ ಬಹಳ ಅಂತರವಿದ್ದರೆ ಫಿಲ್ಟರಿನಲ್ಲಿ ಕಸ, ಇಲ್ಲದಿದ್ದರೆ ಪೈಪಿನಲ್ಲಿ ಉಪ್ಪು. ಇದನ್ನು ಅಕ್ಕಾರಿಗೆ ಯಾರೂ ಕಲಿಸಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಒಂದು ಕುರ್ಚಿ, ಒಂದು ಫೋನು ತೋರಿಸಿ ಹೋಗಿದ್ದರು. ಅವರು ಹೊಲದಲ್ಲಿ ಆ ಯಂತ್ರವನ್ನು ಒಮ್ಮೆಯೂ ಕಂಡಿರಲಿಲ್ಲ.

“ಸಾಹೇಬರು ಕೇಳಿದಾಗ ಇದನ್ನ ಹೇಳಬೇಕಿಲ್ರಿ ಅಕ್ಕಾರ?”

“ಹ್ಯಾಂಗ ಹೇಳ್ಲಿ ಮೇಡಮ್ಮಾರ? ಹಿಂದ ನಮ್ಮ ಶಾಖಾದಾಗ ಒಬ್ಬ ಗುಮಾಸ್ತ ಇದ್ದ. ಕಂಪ್ಯೂಟರ್ ಬರೂದಿಲ್ಲ ಅಂತ ಬಾಯಿಬಿಟ್ಟು ಹೇಳಿದ. ಮುಂದಿನ ತಿಂಗಳ ಮನಿಗೆ ಕಳಿಸಿದ್ರು. ಬರೂದಿಲ್ಲ ಅಂದಾವ ಹೋದ. ಬರತೈತಿ ಅಂದಾವ ಇನ್ನೂ ಅದಾನ, ಅವಗೂ ಬರೂದಿಲ್ಲ.”

ಬಸ್ಸು ಬಂತು. ಇಂಡಿಯ ವಿಚಾರ ನಾನು ಅಲ್ಲೇ ಹೇಳಿಬಿಟ್ಟೆ, ಮುಚ್ಚಿಡಲು ಮನಸ್ಸಾಗಲಿಲ್ಲ. ಅವರು ಒಂದು ಕೈಯಲ್ಲಿ ಬಸ್ಸಿನ ಸರಳು ಹಿಡಿದು ನಿಂತೇ ಇದ್ದರು, ಹಿಂದಿನವರು ನೂಕುವವರೆಗೆ. “ಈ ಮಾತು ಯಾರ ಮುಂದೂ ಹೇಳಬ್ಯಾಡ್ರಿ, ಫಿಲ್ಟರಿಂದು,” ಎಂದಷ್ಟೇ ಹೇಳಿ ಹತ್ತಿ ಹೋದರು. ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸಭೆಯ ದಿನ ನಾಲ್ಕೂ ಶಾಖೆಯ ಮ್ಯಾನೇಜರುಗಳು, ಕೆಲವು ಫಿಟರುಗಳು, ಅಕ್ಕಾರು, ಎಲ್ಲ ಬಾಗೇವಾಡಿ ಶಾಖೆಯ ಹಿಂದಿನ ಕೋಣೆಯಲ್ಲಿ ಸೇರಿದ್ದೆವು. ಅಧಿಕಾರಿ ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದರು. ಇಂಡಿ, ಸಿಂದಗಿ, ಬಾಗೇವಾಡಿಗಳಲ್ಲಿ ತರಬೇತಿಯ ಅಗತ್ಯ ಕಂಡುಬಂದಿಲ್ಲ. ಮುದ್ದೇಬಿಹಾಳದಲ್ಲಿ ಭಾಷೆಯ ಸಮಸ್ಯೆ. ಅದಕ್ಕೆ ಪರಿಹಾರ, ಫೋನು ಬೆಂಗಳೂರಿಗೆ, ಸಿಬ್ಬಂದಿ ಇಂಡಿಗೆ. ಇಷ್ಟು ಹೇಳಿ ಟ್ಯಾಬ್ ನನ್ನ ಮುಂದೆ ಹಿಡಿದು, “ಇಲ್ಲಿ ಸಹಿ ಮಾಡಿ ಮೇಡಂ,” ಅಂದರು.

“ಮಾಡೂದಿಲ್ರಿ ಸರ್,” ಅಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು, ಆದರೆ ಇಳಿಸಲಿಲ್ಲ. “ಇವರ ಭಾಷಾಕ್ಕ ಏನೂ ಆಗಿಲ್ಲ. ಫೋನ್ ಮಾಡೂ ರೈತರದೂ ಇದೇ ಭಾಷಾ. ನಮ್ಮ ಮಾತು ನಿಮಗ ಒರಟು ಕೇಳಸ್ತೈತಿ ಅಂದ್ರ ಅದು ನಿಮ್ಮ ಕಿವಿ ಸಮಸ್ಯಾ. ಅದಕ್ಕ ಇವರನ್ನ ಇಂಡಿಗೆ ಕಳಸೂದು ಯಾವ ತರಬೇತಿರಿ?”

ನಮ್ಮ ಬಾಗೇವಾಡಿ ಮ್ಯಾನೇಜರು ನನ್ನ ಕಡೆ ನೋಡಿ, ಸುಮ್ಮನಿರುವಂತೆ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

ಅಧಿಕಾರಿ ಸಿಟ್ಟಾಗಲಿಲ್ಲ. ಅದೇ ಮೆತ್ತಗಿನ ದನಿಯಲ್ಲಿ ಕೇಳಿದರು, “ಆಯ್ತು ಮೇಡಂ. ಭಾಷೆ ಅಲ್ಲ ಅಂತೀರ. ಹಾಗಾದ್ರೆ ದೂರುಗಳು ಯಾಕೆ ಬರ್ತಿವೆ? ಇವರಿಗೆ ಏನು ಬರಲ್ಲ, ನೀವೇ ಹೇಳಿ.”

ಉತ್ತರ ನನಗೆ ಗೊತ್ತಿತ್ತು. ಹೇಳಿದರೆ ಅಕ್ಕಾರಿಗೆ ಕೊಟ್ಟ ಮಾತು ಮುರಿಯುತ್ತದೆ, ಆ ಗುಮಾಸ್ತನ ಗತಿಯೇ ಅವರಿಗೂ ಬರಬಹುದು. ಹೇಳದಿದ್ದರೆ ಅವರು ಇಂಡಿಗೆ ಹೋಗುತ್ತಾರೆ. ಯಾರಿಗೆ ಏನು ಬರುವುದಿಲ್ಲ ಎಂದು ಹುಡುಕುವುದೇ ಕಸುಬಾದ ನಾನು, ಅದನ್ನು ಹುಡುಕಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದೆ. ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಬರುವುದಿಲ್ಲ ಅಂದವರನ್ನು ಮನೆಗೆ ಕಳಿಸಿ, ಆಮೇಲೆ ನಿಮಗೇನು ಬರುವುದಿಲ್ಲ ಎಂದು ನಗುನಗುತ್ತ ಕೇಳುವ ಈ ವ್ಯವಸ್ಥೆಯ ಮೇಲೆ ಬಂದ ಸಿಟ್ಟು ಅದು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಕ್ಕಾರು ಎದ್ದು ನಿಂತಿದ್ದರು.

“ಅವರನ್ನ ಯಾಕ ಕೇಳ್ತೀರ್ರಿ ಸಾಹೇಬ್ರ, ನನ್ನ ಕೇಳ್ರಿ. ನನಗ ಫಿಲ್ಟರ್ ಗೊತ್ತಿಲ್ರಿ. ಅದಕ್ಕ ಮೀಟರ್ ಇರ್ತೈತಂತ, ಅದೂ ಗೊತ್ತಿಲ್ಲ, ಉಪ್ಪ ಹ್ಯಾಂಗ ಕಟ್ಟತೈತಿ ಅಂತ ಗೊತ್ತಿಲ್ಲ. ಹನಿ ಬೀಳವಲ್ದು ಅಂದ್ರ ಯಾಕ ಬೀಳವಲ್ದು ಅಂತ ನನಗ ಗೊತ್ತಾಗೂದಿಲ್ಲ.”

ಅಧಿಕಾರಿಗೆ ಆಶ್ಚರ್ಯವಾಯಿತು. “ಅಂದ್ರೆ ಇಷ್ಟು ವರ್ಷ ಗೊತ್ತಿಲ್ಲದೇ ಕೆಲಸ ಮಾಡಿದ್ರಾ?”

“ಹೌದ್ರಿ. ಯಾರೂ ತೋರಿಸಿಲ್ರಿ. ತೋರಸ್ರಿ, ಕಲಿತೇನಿ. ಮಾತ ಕಲಸಬ್ಯಾಡ್ರಿ, ಮಾತ ನಮ್ಮವ್ವ ಕಲಿಸ್ಯಾಳ. ಮತ್ತ ಫೋನ್ ನಾ ಬಿಡಾಂಗಿಲ್ಲ. ಇಂಡಿಗೆ ಒಲ್ಲೆ.”

ಅಷ್ಟು ಹೇಳಿ ಅವರು ಕೂರಲಿಲ್ಲ. ನಿಂತೇ ಇದ್ದರು, ಅಧಿಕಾರಿಯ ಮುಖವನ್ನೇ ನೋಡುತ್ತ. ನನಗೆ ಕಣ್ಣು ತುಂಬಿ ಬಂತು, ಹೆಮ್ಮೆಗೋ ಭಯಕ್ಕೋ ಹೇಳಲಾರೆ.

ಆಗ ಯಾರೂ ಎಣಿಸದ ಒಂದು ಮಾತು ಮುದ್ದೇಬಿಹಾಳದ ಮ್ಯಾನೇಜರ ಬಾಯಿಂದ ಬಂತು. ದಪ್ಪ ಮನುಷ್ಯ, ಯಾವತ್ತೂ ಸೋತವರಂತೆ ಕಾಣಿಸಿಕೊಂಡವರಲ್ಲ. ಮೇಜಿನ ಮೇಲಿನ ನೀರಿನ ಲೋಟ ಅತ್ತಿತ್ತ ಸರಿಸುತ್ತ, “ಖರೆ ಹೇಳ್ಬೇಕಂದ್ರ ನನಗೂ ಪೂರಾ ಗೊತ್ತಿಲ್ರಿ ಸರ್,” ಅಂದರು. “ಆಕಿ ಕೇಳಿದಾಗೆಲ್ಲಾ ಫಿಟರನ್ನ ಕೇಳ್ರಿ ಅಂತ ಹೇಳ್ಕೋತ ಬಂದೇನಿ.” ಇಂಡಿಯ ಕಡೆಯಿಂದ ಯಾರೋ ಕೆಮ್ಮಿ, ಹೊಸ ಕಂಪ್ಯೂಟರಿನ ವಿಷಯ ತೆಗೆದರು. ಸಿಂದಗಿಯವರು ಆಸಿಡ್ ಅಳತೆಯ ಬಗ್ಗೆ ಏನೋ ಅಂದರು. ಸ್ವಲ್ಪ ಹೊತ್ತಿನಲ್ಲಿ ಆ ಕೋಣೆ ಸಂತಿಯಾಯಿತು.

“ಸರ್, ನೀವು ಬಂದ ಕೆಲಸ ಈಗ ಶುರುವಾತು,” ಅಂದೆ. “ಬರ್ಕೋರಿ.”

ಅವರು ಬರೆದುಕೊಂಡರು. ಅಷ್ಟರಮಟ್ಟಿಗೆ ನಾನು ಅವರಿಗೆ ಮರ್ಯಾದೆ ಕೊಡುತ್ತೇನೆ. ಬೆಂಗಳೂರಿನಿಂದ ಆದೇಶ ಬರಲು ಸಮಯ ಹಿಡಿಯಿತು, ಆ ದಿನಗಳಲ್ಲಿ ಅಕ್ಕಾರೂ ನಾನೂ ಫೋನಿನ ಸದ್ದಾದರೆ ಬೆಚ್ಚುತ್ತಿದ್ದೆವು. ಕೊನೆಗೆ ಬಂತು. ಫೋನು ಸದ್ಯಕ್ಕೆ ಮುದ್ದೇಬಿಹಾಳದಲ್ಲೇ ಇರಲಿ, ಸಿಬ್ಬಂದಿಗೆ ಹೊಲದಲ್ಲಿ ತರಬೇತಿ ಕೊಡಿ ಎಂದು. ‘ಸದ್ಯಕ್ಕೆ’ ಎಂಬ ಶಬ್ದದ ಮೇಲೆ ನನ್ನ ಕಣ್ಣಿದೆ. ನನ್ನ ವಿಷಯದಲ್ಲೂ ಒಂದು ಸಾಲಿತ್ತು. ಈಕೆಗೆ ಮೇಲಧಿಕಾರಿಗಳ ಜೊತೆ ವ್ಯವಹರಿಸುವ ತರಬೇತಿಯ ಅಗತ್ಯವಿದೆ ಎಂದು. ಆ ತರಬೇತಿಗೆ ಎರಡು ಸಲ ಕರೆ ಬಂದಿದೆ. ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಇನ್ಕ್ರಿಮೆಂಟು ನಿಲ್ಲಿಸುವುದಾದರೆ ನಿಲ್ಲಿಸಲಿ.

ಆದೇಶ ಬಂದ ವಾರವೇ ನಮ್ಮ ಜೀಪಿನಲ್ಲಿ ಅಕ್ಕಾರನ್ನೂ ಮುದ್ದೇಬಿಹಾಳದ ಮ್ಯಾನೇಜರನ್ನೂ ಕೂರಿಸಿಕೊಂಡು ಮಸೂತಿ ಎಂಬ ಊರಿನ ಒಂದು ದಾಳಿಂಬೆ ತೋಟಕ್ಕೆ ಹೋದೆ. ಗೊಳಸಂಗಿ ಊರಿನ ನಮ್ಮ ಹಿರಿಯ ಫಿಟರ್, ನಾವೆಲ್ಲ ಕಾಕಾ ಅನ್ನುವವರು, ಮೊದಲೇ ಬಂದು ಕಾಯುತ್ತಿದ್ದರು. ಮೋಟರ್ ಹಚ್ಚಿ, ಎರಡೂ ಮೀಟರಿನ ಮುಳ್ಳು ತೋರಿಸಿದರು. ಮೋಟರ್ ಬಂದ್ ಮಾಡಿ, ನಟ್ಟುಗಳಿಗೆ ಪಾನಾ ಹಾಕಿ ಫಿಲ್ಟರಿನ ಮುಚ್ಚಳ ಬಿಚ್ಚಿದರು, ಜಾಳಗಿ ಹೊರಗೆ ತೆಗೆದು ಕೆಸರು ತೊಳೆದರು, ಮತ್ತೆ ಕೂಡಿಸಿ ಬಿಗಿದರು. ಬಹಳ ವರ್ಷದ ಕೈ, ಸರಸರನೆ ಮುಗಿಸಿಬಿಟ್ಟರು. ಕೈ ಒರೆಸಿಕೊಂಡು, “ತಿಳೀತಲ್ರಿ?” ಎಂದು ಕೇಳಿದರು. ಮ್ಯಾನೇಜರು ಹೂಂ ಎಂದು ತಲೆಯಾಡಿಸಿದರು. ನಿಜ ಹೇಳುತ್ತೇನೆ, ನನಗೂ ಪೂರ್ತಿ ತಿಳಿದಿರಲಿಲ್ಲ, ಆದರೂ ನನ್ನ ತಲೆ ತಾನಾಗಿಯೇ ಆಡಿತು.

ಅಕ್ಕಾರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಫಿಲ್ಟರಿನ ಎದುರು ಕುಕ್ಕರಗಾಲಲ್ಲಿ ಕೂತಿದ್ದರು. ಮುಚ್ಚಳದ ಮೇಲೆ ಕೈಯಿಟ್ಟು, ಕಾಕಾನ ಮುಖ ನೋಡಿ, “ಇಲ್ರಿ, ನನಗ ತಿಳೀಲಿಲ್ಲ,” ಅಂದರು. “ಇನ್ನೊಮ್ಮೆ ಬಿಚ್ಚ್ರಿ. ಸಾವಕಾಶ.”

ಕಾಕಾ ಚೀಲದಲ್ಲಿ ಹಾಕಿದ್ದ ಪಾನಾ ಮತ್ತೆ ಹೊರಗೆ ತೆಗೆದರು.